ಲಿಂಗದ ಕೈ

ಅಂದು ಬೆಳಿಗ್ಗೆಯೂ ನನ್ನ ಮೊದಲ ಕೆಲಸ ಪಲ್ಯದ ನೀರು ಚೆಲ್ಲುವುದೇ ಆಗಿತ್ತು. ಸಣ್ಣಗೆ ಹೆಚ್ಚಿ ನೆನೆಸಿಟ್ಟಿದ್ದ ಹುರುಳಿಕಾಯಿಯನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬಸಿದು, ಆ ತೆಳು ಹಸಿರು ನೀರನ್ನು ಹಿತ್ತಲ ಮೋರಿಗೆ ಸುರಿಯುತ್ತಿದ್ದೆ. ತರಕಾರಿಯಲ್ಲಿರುವ ಪೊಟ್ಯಾಸಿಯಂ ಹೀಗೆ ನೀರಿಗೆ ಇಳಿದು ಹೋಗುತ್ತದೆ, ಸೋತ ಕಿಡ್ನಿ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಉಳಿದರೆ ಹೃದಯಕ್ಕೇ ಕುತ್ತು ಎಂದು ಆಸ್ಪತ್ರೆಯ ನರ್ಸ್ ನನಗೆ ಬಿಡಿಸಿ ಹೇಳಿದ್ದರು. ನಮ್ಮ ಅತ್ತೆಯ ಎರಡೂ ಕಿಡ್ನಿಗಳು ಆ ಹೊತ್ತಿಗೆ ಹೆಚ್ಚುಕಡಿಮೆ ಸೋತಿದ್ದವು.

ಕಾಂಪೌಂಡ್ ಗೋಡೆಯ ಆಚೆ ಪಕ್ಕದ ಮನೆಯವರು ಒಲೆಗೆ ಹಚ್ಚಲು ತೆಂಗಿನ ಗರಿ ಮುರಿಯುತ್ತಿದ್ದರು. ಮಾಗಡಿ ಕಡೆಯವರು. ನಮ್ಮ ಮೋರಿಯಿಂದ ಏಳುವ ಹಬೆಯ ಮೇಲೆ ಅವರಿಗೆ ಯಾವಾಗಲೂ ಕಣ್ಣು.

"ಅಯ್ಯೋ, ಇವತ್ತೂ ಚೆಲ್ಬಿಟ್ರಾ? ಎಂಥಾ ಬಸ್ಸಾರು ಆಗ್ತಿತ್ತು ಕಣ್ರೀ ಅದ್ರಲ್ಲಿ! ನೀರು ಚೆಲ್ಲಿ ಚರಟ ತಿನ್ನೋ ಜನಾನ ನಾನು ನಿಮ್ಮನೇಲೇ ನೋಡಿದ್ದು."

"ಅತ್ತೆಗೆ ಆಗಲ್ವಲ್ಲ ಮತ್ತೆ."

"ನಿಮ್ಮತ್ತೆಗೆ ಆಗಲ್ಲ ಸರಿ. ನಂಗಾಗುತ್ತಲ್ಲ! ನಾಳೆಯಿಂದ ಗೋಡೆ ಮೇಲೊಂದು ಪಾತ್ರೆ ಇಡ್ತೀನಿ, ಅದಕ್ಕೆ ಹುಯ್ಯಿ."

ನಗುತ್ತಾ ಒಳಗೆ ಬಂದೆ. ನಮ್ಮದು ಪೀಣ್ಯದಲ್ಲಿ, ಶೆಡ್ಡುಗಳ ಸಾಲು ಮುಗಿದು ಮನೆಗಳ ಸಾಲು ಶುರುವಾಗುವ ಕಡೆ ಇದ್ದ ಬಾಡಿಗೆ ಮನೆ. ಎದುರು ರಸ್ತೆಯ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಬಡಿಯಲು ಶುರುವಾಯಿತೆಂದರೆ ಅಡುಗೆಮನೆಯ ಶೆಲ್ಫಿನ ಮೇಲೆ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಲೋಟಗಳು ಕಿಣಿಗುಟ್ಟುವ ಮೊದಲು ಯಜಮಾನರ ಡಬ್ಬಿ ಕಟ್ಟಿರಬೇಕು, ಅತ್ತೆಯ ಸ್ನಾನಕ್ಕೆ ನೀರು ಕಾದಿರಬೇಕು. ಯಜಮಾನರು ಹತ್ತಿರದ ಮಷೀನ್ ಟೂಲ್ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗ ನೋಡಿಕೊಳ್ಳುತ್ತಿದ್ದರು. ಎಲ್ಲ ಕಾರ್ಖಾನೆಗಳಿಗೂ ಗುಣಮಟ್ಟದ ಐಎಸ್‌ಓ ಸರ್ಟಿಫಿಕೇಟಿನ ಹುಚ್ಚು ಹಿಡಿದಿದ್ದ ಕಾಲ ಅದು. ಆ ದಿನವೇ ಅವರಲ್ಲಿ ಆಡಿಟ್ ಇತ್ತು.

ಬೂಟು ಹಾಕಿಕೊಳ್ಳುತ್ತಾ ಅವರು ದನಿ ತಗ್ಗಿಸಿ ಕೇಳಿದರು. "ಇವತ್ತು ಸರ್ಜನ್ ಏನಂದ್ರೂ ಅವ್ವ ಒಪ್ತಾಳಂತೀಯಾ?"

"ಒಪ್ಪಿಸಿಕೊಂಡೇ ಬರ್ತೀನಿ."

"ನಾ ಬಂದ್ರೂ ಉಪಯೋಗ ಇಲ್ಲ ಬಿಡು. ನಾ ಬಾಯಿ ತೆಗೆದ್ರೆ ಅಕಿ ಇನ್ನೂ ಬಿಗೀತಾಳ."

ಅದು ನಿಜವೇ. ಮಗನ ಮುಂದೆ ಅತ್ತೆ ಬಂಡೆ. ನನ್ನ ಮುಂದೆಯೂ ಬಂಡೆಯೇ, ಆದರೆ ಆ ಬಂಡೆಯಲ್ಲಿ ಎಲ್ಲೆಲ್ಲಿ ಬಿರುಕಿದೆ ಎಂದು ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿ ನನಗೆ ಸ್ವಲ್ಪ ಗೊತ್ತಿತ್ತು.

ಒಳಕೋಣೆಯಲ್ಲಿ ಅವರು ಪೂಜೆಗೆ ಕೂತಿದ್ದರು. ಹಣೆಗೆ ಮೂರು ಬೆರಳ ವಿಭೂತಿ, ಒದ್ದೆ ಕೂದಲು ಬೆನ್ನ ಮೇಲೆ. ಕೊರಳ ಶಿವದಾರದಲ್ಲಿ ತೂಗುವ ಬೆಳ್ಳಿ ಕರಡಿಗೆಯನ್ನು ಬಿಚ್ಚಿ, ಅದರೊಳಗಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡಿದ್ದರು. ಆ ಅಂಗೈ ಎದೆಯ ಮಟ್ಟಕ್ಕೆ ಎದ್ದು ನಿಂತರೆ ಪೂಜೆ ಮುಗಿಯುವವರೆಗೂ ಕದಲುತ್ತಿರಲಿಲ್ಲ. ನಾನು ಓದಿದ ದಾವಣಗೆರೆಯ ಕಾನ್ವೆಂಟಿನಲ್ಲಿ ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗಿಯರ ಗೆಣ್ಣಿಗೆ ಸ್ಕೇಲಿನ ಪೆಟ್ಟು ಬೀಳುತ್ತಿತ್ತು. ಊರಲ್ಲೆಲ್ಲ ಎಡಗೈ ಎಂದರೆ ಕೀಳು. ಅತ್ತೆಗೆ ಮಾತ್ರ ಅದು ಲಿಂಗದ ಪೀಠ. ಆ ಕೈಯಿಂದ ಅವರು ಯಾರಿಗೂ ಏಟು ಕೊಟ್ಟವರಲ್ಲ, ಚಪ್ಪಲಿ ಎತ್ತಿಟ್ಟವರಲ್ಲ. ಬೆಂಗಳೂರಿಗೆ ಬರುವ ಮೊದಲು ರಾಣೆಬೆನ್ನೂರಿನಲ್ಲಿ ಟೈಫಾಯ್ಡ್ ಬಂದಾಗ, ಗರ್ಭಕೋಶ ತೆಗೆದಾಗ, ಆಮೇಲೆ ಸಕ್ಕರೆ ಕಾಯಿಲೆಯ ಪರೀಕ್ಷೆಗಳಿಗೆ ಎಂದು ಎಷ್ಟು ಸಲ ಸೂಜಿ ಚುಚ್ಚಿಸಿಕೊಂಡರೋ, ಅಷ್ಟೂ ಸಲ ಬಲಗೈಯನ್ನೇ ಮುಂದೆ ಮಾಡಿದ್ದರು. "ಈ ಕೈ ಅಲ್ರೀ, ಆ ಕೈ," ಎಂದು ಕಾಂಪೌಂಡರನಿಗೂ ಹೇಳುವುದೇ, ಡಾಕ್ಟರಿಗೂ ಹೇಳುವುದೇ.

ಇತ್ತೀಚೆಗೆ ನಾನೊಂದು ಗಮನಿಸಿದ್ದೆ. ಎಡಗೈ ಎತ್ತಿದಾಗ ಬಲಗೈ ಮೆಲ್ಲಗೆ ಬಂದು ಮೊಣಕೈ ಕೆಳಗೆ ಆಸರೆ ಕೊಡುತ್ತಿತ್ತು. ಮೈಯಲ್ಲಿ ಕಸುವು ಇಳಿದಿತ್ತು. ಪಾದ ಊದಿಕೊಂಡು ಬೆರಳೊತ್ತಿದರೆ ಕುಳಿ ಬೀಳುತ್ತಿತ್ತು. ಬೆಳಗಾದರೆ ಓಕರಿಕೆ. ಅವರಾಗಿ ಏನೂ ಹೇಳುತ್ತಿರಲಿಲ್ಲ, ನಾನಾಗಿ ಕೇಳುತ್ತಲೂ ಇರಲಿಲ್ಲ. ಮೊಣಕೈ ಕೆಳಗಿನ ಆ ಬಲಗೈಯನ್ನು ದಿನಾ ನೋಡುತ್ತಿದ್ದೆ, ಅಷ್ಟೆ.

ಪೂಜೆ ಮುಗಿಸಿ ತೀರ್ಥ ತೆಗೆದುಕೊಂಡರು. ಅದಕ್ಕೂ ನೀರು ಅವರ ದಿನದ ಚೊಂಬಿನದೇ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟು ಹಾಕಿದ ದಿನ ನಾನೊಂದು ಸ್ಟೀಲ್ ಚೊಂಬು ಎತ್ತಿಟ್ಟಿದ್ದೆ. ಮಾತ್ರೆಗೆ, ಚಹಾಕ್ಕೆ, ಎಲ್ಲಕ್ಕೂ ಅದರಿಂದಲೇ. ತೀರ್ಥಕ್ಕೆ ಬೇರೆ ನೀರು ಕೊಡುತ್ತೇನೆ ಎಂದರೆ ಕೇಳಲಿಲ್ಲ. "ಹೊಟ್ಟಿಗೆ ಹೋಗೂ ನೀರು ಹೊಟ್ಟಿಗೆ ಹೋಗೂದ ಅಲ್ಲೇನು? ದೇವರ ಹೆಸರಾಗ ಮೋಸ ಮಾಡಾಕಿ ಅಲ್ಲ ನಾ," ಅಂದಿದ್ದರು. ಉಪ್ಪಿನಕಾಯಿ ಬಿಟ್ಟರು. ಶೇಂಗಾ ಚಟ್ನಿ ಬಿಟ್ಟರು. ಅಗಸಿ ಚಟ್ನಿ ಬಿಟ್ಟಾಗ ಮಾತ್ರ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಹೇಳಿದ್ದೆಲ್ಲ ಕೇಳಿದ ಅದೇ ಹೆಂಗಸು ಒಂದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

ಅದು ಫಿಸ್ಟುಲಾ. ಇವತ್ತಲ್ಲ ನಾಳೆ ಡಯಾಲಿಸಿಸ್ ಬೇಕೇ ಆಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ರಕ್ತವನ್ನು ಯಂತ್ರಕ್ಕೆ ಕಳಿಸಿ ತೊಳೆದು ಮತ್ತೆ ಮೈಗೆ ತುಂಬಬೇಕಾದರೆ ಕೈಯಲ್ಲೊಂದು ದಪ್ಪ ನರ ಬೇಕು. ಅದಕ್ಕೆ ಮಣಿಕಟ್ಟಿನ ಮೇಲೆ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿಯುತ್ತಾರೆ. ಹೊಲಿದ ನರ ಬಲಿಯಲು ವಾರಗಳು ಹಿಡಿಯುತ್ತವೆ. "ಮಳೆ ಬಂದ್ಮೇಲೆ ತೂಬು ಕಟ್ಟಕ್ಕಾಗಲ್ಲಮ್ಮ, ಮೊದ್ಲೇ ಕಟ್ಟಿರ್ಬೇಕು," ಎಂದಿದ್ದರು ಡಾಕ್ಟರು. ಕಟ್ಟದೆ ಕೂತು, ಉಸಿರು ಸಿಕ್ಕಿಹಾಕಿಕೊಂಡಾಗ ಓಡಿಬಂದರೆ ಕುತ್ತಿಗೆಗೆ ನಳಿಗೆ ಹಾಕಬೇಕು. ಅದರಲ್ಲಿ ಸೋಂಕಿನ ಭಯ. ಅತ್ತೆಯ ವಯಸ್ಸಿಗೆ, ಸಕ್ಕರೆ ಕಾಯಿಲೆಗೆ, ಆ ಸೋಂಕನ್ನು ಮೈ ತಡೆದುಕೊಳ್ಳದೆ ಹೋಗಬಹುದು ಎಂಬುದನ್ನು ನನ್ನೊಬ್ಬಳಿಗೇ ಹೊರಗೆ ಕರೆದು ಹೇಳಿದ್ದರು.

ಅತ್ತೆ ಎಲ್ಲ ಕೇಳಿ ಒಂದೇ ಮಾತು ಅಂದಿದ್ದರು. "ಮಾಡ್ರಿ. ಬಲಗೈಗೆ ಮಾಡ್ರಿ."

ಬಲಗೈ ಆಗುತ್ತದೋ ಇಲ್ಲವೋ ನೋಡಲು ಸರ್ಜನ್ ಬರುವ ದಿನ ಅದು. ವಾರಕ್ಕೊಮ್ಮೆ ಮಾತ್ರ ಅವರು ಆ ಆಸ್ಪತ್ರೆಗೆ ಬರುತ್ತಿದ್ದರು. ಒಂದು ಸಲ ಅತ್ತೆ ಅಮಾವಾಸ್ಯೆ ಎಂದು, ಇನ್ನೊಂದು ಸಲ ಮೈಗೆ ಹುಷಾರಿಲ್ಲ ಎಂದು ತಪ್ಪಿಸಿದ್ದರು. ಅಮಾವಾಸ್ಯೆಯನ್ನು ಅವರು ಎಂದೂ ಲೆಕ್ಕಕ್ಕಿಟ್ಟವರಲ್ಲ ಎಂದು ನನಗೆ ಗೊತ್ತಿತ್ತು. ಹಾಗೆ ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ಆಟೋ ತುಮಕೂರು ರಸ್ತೆಗೆ ಇಳಿದಾಗ ಲಾರಿಗಳ ಹೊಗೆ. ಗೊರಗುಂಟೆಪಾಳ್ಯದ ಹತ್ತಿರ ಒಂದೇ ಕಡೆ ಬಹಳ ಹೊತ್ತು ನಿಂತೆವು. ಅತ್ತೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದು, ಶಿಫ್ಟಿಗೆ ಓಡುವ ಹುಡುಗಿಯರನ್ನು ನೋಡುತ್ತಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯಲ್ಲಿ ಡಬ್ಬಿ.

"ಬಲಗೈ ಆಗೂದಿಲ್ಲ ಅಂದ್ರ?" ಎಂದರು ಇದ್ದಕ್ಕಿದ್ದಂತೆ.

"ನೋಡೂಣು ಅತ್ತಿ."

"ನೋಡೂದೇನು? ಆಗೂದಿಲ್ಲ ಅಂದ್ರ ಆಗೂದಿಲ್ಲ. ಮನಿಗೆ ಬಂದ್ಬಿಡೂದು."

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ, "ಎಲ್ಲಾ ಆಗುತ್ತೆ ಬಿಡಿ ಅಜ್ಜಿ," ಅಂದ. "ನೀ ಮುಂದ ನೋಡ್ಕೊಂಡು ಹೊಡಿಯಪಾ," ಅಂದರು ಅತ್ತೆ.

ಆಸ್ಪತ್ರೆಯ ಕಿಡ್ನಿ ವಿಭಾಗಕ್ಕೆ ಒಂದು ಉದ್ದ ಮೊಗಸಾಲೆ, ಅದರ ಗೋಡೆಗೆ ಹಸಿರು ಬಣ್ಣದ ಬೆಂಚು. ಆ ಬೆಂಚಿನ ಮೇಲೆ ಮುಂದೆ ವರ್ಷಗಟ್ಟಲೆ ಕೂರುವುದಿದೆ ಎಂದು ಆಗ ಗೊತ್ತಿರಲಿಲ್ಲ. ಅಲ್ಲಿನ ನರ್ಸ್ ಕೇರಳದವರು. ಊಟ ಹೇಗೆ, ನೀರು ಎಷ್ಟು, ಮಾತ್ರೆ ಯಾವಾಗ, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು, ಎಲ್ಲವನ್ನೂ ಮನೆಯವರನ್ನು ಕೂರಿಸಿಕೊಂಡು ಹೇಳಿಕೊಡುವುದು ಅವರ ಕೆಲಸ. ಎರಡು ಸಲ ಹೇಳಿ, ಮೂರನೇ ಸಲ ನಮ್ಮ ಬಾಯಿಂದ ಹೇಳಿಸುತ್ತಿದ್ದರು. ನನಗೆ ಶಾಲೆಯ ನೆನಪಾಗುತ್ತಿತ್ತು.

ಸರ್ಜನ್ ಎತ್ತರದ ಮನುಷ್ಯ, ಅವಸರದವರು. ಬಲಗೈಗೆ ರಬ್ಬರ್ ಪಟ್ಟಿ ಕಟ್ಟಿ, ತಟ್ಟಿ, ಒತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ತಲೆಯಾಡಿಸಿದರು.

"ಇಲ್ಲಿ ಏನೂ ಉಳಿದಿಲ್ಲ. ಡ್ರಿಪ್ ಹಾಕಿ ಹಾಕಿ ನರ ಎಲ್ಲಾ ಕೂತ್ಹೋಗಿವೆ. ಆ ಕೈ ಕೊಡಿ."

ಅತ್ತೆ ಕೊಡಲಿಲ್ಲ. ಸರ್ಜನ್ ತಾವೇ ಬಗ್ಗಿ ಸೆರಗಿನ ಮರೆಯಿಂದ ಎಡಗೈ ಎಳೆದುಕೊಂಡು ಪಟ್ಟಿ ಕಟ್ಟಿದರು. ಮಣಿಕಟ್ಟಿನಿಂದ ಮೇಲಕ್ಕೆ ಒಂದು ನರ, ಹಗ್ಗ ಎಳೆದಂತೆ ನೆಟ್ಟಗೆ, ಉಬ್ಬಿ ಬಂತು. ನಾನು ಇಪ್ಪತ್ತು ವರ್ಷದಿಂದ ದಿನಾ ನೋಡಿದ ಕೈ. ಅದರೊಳಗೆ ಅಂಥದ್ದೊಂದು ನರ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಸರ್ಜನ್ನರ ಮುಖವೇ ಬದಲಾಯಿತು.

"ಅರೆ! ಒಂದು ಸೂಜಿ ಗುರುತೂ ಇಲ್ಲ. ಈ ವಯಸ್ಸಲ್ಲಿ ಇಂಥಾ ಕೈ ನಾನು ನೋಡಿಲ್ಲ. ಏನಜ್ಜಿ, ನಂಗೋಸ್ಕರ ಎತ್ತಿಟ್ಟಿದ್ರಾ?"

"ನಿಮಗಂತ ಇಟ್ಟಿಲ್ಲ," ಅಂದರು ಅತ್ತೆ.

ಪಟ್ಟಿಯನ್ನು ತಾವೇ ಬಿಚ್ಚಿ ಮೇಜಿನ ಮೇಲಿಟ್ಟರು. ಸೆರಗು ಹೊದ್ದು ಎದ್ದು ಹೊರಗೆ ನಡೆದೇಬಿಟ್ಟರು.

ಸರ್ಜನ್ ನನ್ನ ಮುಖ ನೋಡಿದರು. ನಾನು ಎರಡು ಮಾತಿನಲ್ಲಿ ಲಿಂಗಪೂಜೆಯ ವಿಷಯ ಹೇಳಿದೆ. ಅವರು ನಗಲಿಲ್ಲ, ಅದಕ್ಕೆ ಇವತ್ತಿಗೂ ಕೃತಜ್ಞಳು. ಗಡ್ಡ ಉಜ್ಜಿಕೊಂಡು, "ನೋಡಿಮ್ಮ, ಮುಂದಿನ ವಾರ ಬೆಳಿಗ್ಗೆ ಜಾಗ ಇಟ್ಟಿರ್ತೀನಿ. ನಾನು ಥಿಯೇಟರಿಗೆ ಹೋಗೋದ್ರೊಳಗೆ ಹೂಂ ಅಂತ ಹೇಳಿ. ಇಲ್ಲಾಂದ್ರೆ ಅದು ಬೇರೆಯವರಿಗೆ. ಇನ್ನೂ ಮುಂದಕ್ಕೆ ಹಾಕಿದ್ರೆ ಕುತ್ತಿಗೆಗೇ ಬರುತ್ತೆ," ಅಂದರು.

ನಾನು ಹೊರಡಲಿಲ್ಲ. ಅವರನ್ನು ಬೇಡಿಕೊಳ್ಳುತ್ತಲೂ ನಿಲ್ಲಲಿಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿಕೊಂಡೇ ಅತ್ತೆಯ ಹತ್ತಿರ ಹೋಗಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ.

"ಡಾಕ್ಟ್ರೇ, ಕೊಯ್ಯೋದು ಎಲ್ಲಿ? ಸರಿಯಾಗಿ ತೋರಿಸಿ."

ತಮ್ಮದೇ ಮಣಿಕಟ್ಟಿನ ಮೇಲೆ ಹೆಬ್ಬೆರಳ ಕಡೆಗೆ ಉಗುರಲ್ಲಿ ಗೆರೆ ಎಳೆದು ತೋರಿಸಿದರು.

"ಅಂಗೈ ಮುಟ್ಟಲ್ವಾ?"

"ಅಂಗೈಗೂ ನಂಗೂ ಸಂಬಂಧ ಇಲ್ಲ."

"ಮಾರನೇ ದಿನಾನೇ ಅಂಗೈ ಮೇಲೆ ಒಂದು ನಿಂಬೆಹಣ್ಣಿನಷ್ಟು ಭಾರ ಇಟ್ಕೊಂಡು, ಹೀಗೆ ಎದೆ ಮಟ್ಟಕ್ಕೆ, ಪೂಜೆ ಮುಗಿಯೋವರೆಗೆ ಹಿಡೀಬಹುದಾ?"

"ಬಿಂದಿಗೆ ಎತ್ತಬಾರ್ದು. ನಿಂಬೆಹಣ್ಣು ಹಿಡೀಬಹುದು. ಕೈ ಎತ್ತಿ ಹಿಡಿಯೋದು ಒಳ್ಳೇದೇ, ಊತ ಇಳಿಯುತ್ತೆ." ಹೋಗುತ್ತಾ ತಿರುಗಿ, "ಆದರೆ ಹೊಲಿಗೆ ಬಿಚ್ಚೋವರೆಗೆ ನೀರು ತಾಕಬಾರ್ದು," ಎಂದು ಸೇರಿಸಿದರು.

ಅತ್ತೆ ಬೆಂಚಿನ ಕೊನೆಯಲ್ಲಿ ಕೂತಿದ್ದರು. ಬಲಗೈ ಕರಡಿಗೆಯ ಮೇಲಿತ್ತು. ಎದುರು ಕೋಣೆಯ ಬಾಗಿಲು ಅರ್ಧ ತೆರೆದು, ಒಳಗೆ ಒಬ್ಬ ಗಂಡಸು ಕುತ್ತಿಗೆಗೆ ಬ್ಯಾಂಡೇಜು, ಅದರಿಂದ ಇಳಿದ ಎರಡು ನಳಿಗೆಗಳ ಜೊತೆ ಮಲಗಿದ್ದು ಕಾಣುತ್ತಿತ್ತು. ನಳಿಗೆ ಇದ್ದದ್ದು ಶಿವದಾರ ಹಾದುಹೋಗುವ ಜಾಗದಲ್ಲೇ. ಅತ್ತೆಯೂ ಅದನ್ನು ನೋಡಿರಬೇಕು. ಅದನ್ನೇ ತೋರಿಸಿ ಹೆದರಿಸಬಹುದಿತ್ತು. ಆದರೆ ಹೆದರಿ ಒಪ್ಪಿದ ಕೈ ಆಪರೇಷನ್ ಮೇಜಿನ ಮೇಲೆ ಮತ್ತೆ ಸೆರಗಿನೊಳಗೆ ಹೋಗುತ್ತದೆ. ನಾನು ಹೋಗಿ ಆ ಬಾಗಿಲು ಮುಂದಕ್ಕೆ ಎಳೆದು, ಬಂದು ಅವರ ಪಕ್ಕ ಕೂತೆ.

"ಮನಿಗೆ ಹೋಗೂಣು ನಡಿ," ಅಂದರು.

"ಹೋಗೂಣು. ಯಾಕ ಬ್ಯಾಡ ಅಂತ ಹೇಳ್ರಿ, ಹೋಗೂಣು."

"ನಿನಗ ಗೊತ್ತಿಲ್ಲೇನು?"

"ಅಂಗೈ ಮುಟ್ಟೂದಿಲ್ಲಂತ. ಕೇಳ್ಕೊಂಡ ಬಂದೀನಿ. ಇಲ್ಲಿ, ಮಣಿಕಟ್ಟಿನ ಮ್ಯಾಲೆ. ಮರುದಿನಾನ ಲಿಂಗ ಹಿಡೀಬಹುದಂತ."

ಅವರು ನಾನು ತೋರಿಸಿದ ಮಣಿಕಟ್ಟನ್ನೇ ನೋಡಿದರು.

"ಈ ಕೊಯ್ತದ ಮಾತಲ್ಲವ್ವ. ಆಮ್ಯಾಲಿಂದು. ವಾರಾ ವಾರಾ ಆ ಕೈಗೆ ದಬ್ಬಣದಂಥ ಸೂಜಿ ಚುಚ್ಚಿ ಮೈಯಾಗಿನ ರಕ್ತ ಎಲ್ಲಾ ಹೊರಗ ತಗೀತಾರ. ಬ್ಯಾರೆಯಾರ ರಕ್ತ ತೊಳದ ಯಂತ್ರದಾಗ ನಂದೂ ತಿರುಗಿ ಬರತೈತಿ. ಅಂಥಾ ಕೈಯಾಗ, ಮರುದಿನ ಮುಂಜಾನೆ, ನಾ ಲಿಂಗ ಇಟ್ಕೋಬೇಕು? ರಕ್ತದ ಕೈಯಾಗ?"

ಆಗ ನನಗೆ ಗೊತ್ತಾಯಿತು. ಅತ್ತೆಗೆ ಸೂಜಿಯ ಭಯವಿರಲಿಲ್ಲ, ಕೊಯ್ತದ ಭಯವೂ ಇರಲಿಲ್ಲ. ತಿಂಗಳುಗಟ್ಟಲೆ ಅವರು ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗಿದ್ದು ಮೈಲಿಗೆಯ ಭಯ. ಅದೂ ಅತ್ತೆ! ನಾನು ಅವರ ಮುಖವನ್ನೇ ನೋಡಿದೆ.

ಮದುವೆಯಾಗಿ ಬಂದ ಮೊದಲ ತಿಂಗಳು ನಾನು ಹೊರಗಾದೆ. ನಮ್ಮದೂ ಲಿಂಗವಂತರ ಮನೆಯೇ. ಆದರೆ ಅಕ್ಕಪಕ್ಕದವರು ಏನಂದಾರು ಎಂದು ನಮ್ಮಮ್ಮ ಹೆಣ್ಣುಮಕ್ಕಳನ್ನು ಆ ಮೂರು ದಿನ ಒಂದು ಚಾಪೆ ಕೊಟ್ಟು ಕೂರಿಸುತ್ತಿದ್ದಳು. ಕಾನ್ವೆಂಟಿನಲ್ಲಿ ಆ ವಿಷಯವನ್ನು ಯಾರೂ ಎತ್ತುತ್ತಲೇ ಇರಲಿಲ್ಲ. ರೂಢಿಯ ಪ್ರಕಾರ ಅತ್ತೆಮನೆಯಲ್ಲೂ ಚಾಪೆ ಹುಡುಕಿಕೊಂಡು ಪಡಸಾಲೆಯ ಮೂಲೆಯಲ್ಲಿ ಕೂತೆ. ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಎದುರು ಬಂದು ನಿಂತರು. "ಯಾಕ ಮೂಲ್ಯಾಗ ಕುಂತಿ?" ನಾನು ತಲೆ ತಗ್ಗಿಸಿದೆ. "ಏಳು. ಕೊರಳಾಗ ಲಿಂಗ ಐತೋ ಇಲ್ಲೋ? ಲಿಂಗ ಕಟ್ಟಿದಾವ್ರಿಗೆ ಸೂತಕ ಇಲ್ಲ. ಮೈಯಾಗ ಹರಿಯೂ ರಕ್ತ ಮೈಲಿಗಿ ಅಂದ್ರ ಈ ಮೈ ಕೊಟ್ಟಾವನೂ ಮೈಲಿಗಿ ಏನು? ಜಳಕ ಮಾಡಿ ಪೂಜಿಗೆ ಕುಂಡರು." ಓಣಿಯ ಹೆಂಗಸರು ಆಡಿಕೊಂಡರು. ಅತ್ತೆ ಸೊಪ್ಪು ಹಾಕಲಿಲ್ಲ. ನಾನು ಆ ಮನೆಯಲ್ಲಿ ನಿಜವಾಗಿ ಉಸಿರಾಡಲು ಶುರು ಮಾಡಿದ್ದು ಆ ದಿನದಿಂದ.

"ಅತ್ತಿ," ಅಂದೆ, "ನಾ ಬಂದ ಹೊಸದಾಗ ಚಾಪಿ ಹಾಕ್ಕೊಂಡು ಕುಂತಿದ್ದೆ. ನೆನಪೈತಾ?"

ಅವರು ಸೆರಗು ಎಳೆದು ಎಡಗೈ ಮುಚ್ಚಿಕೊಂಡರು.

"ಎಬ್ಬಿಸಿದಾವ್ರು ಯಾರು?"

"ಅದು ಬ್ಯಾರೆ."

"ಯಾವುದು ಬ್ಯಾರೆ ರೀ? ಅದೂ ರಕ್ತ, ಇದೂ ರಕ್ತ."

"ಅದು ಮೈಯ ಧರ್ಮ. ಇದು ರೋಗ."

"ಹೊತ್ತಿಗೆ ಸರಿಯಾಗಿ ಹರದ್ರ ಧರ್ಮ, ರೋಗದಾಗ ಹರದ್ರ ಮೈಲಿಗಿ ಅಂತ ನೀವು ಅವತ್ತು ಹೇಳ್ಲಿಲ್ಲ. ಲಿಂಗ ಕಟ್ಟಿದಾವ್ರಿಗೆ ಸೂತಕ ಇಲ್ಲ ಅಂದ್ರಿ. ಅಷ್ಟ ಅಂದ್ರಿ. ಆ ಮಾತು ಹಿಡಕೊಂಡು ನಾ ಇಷ್ಟು ವರ್ಷ ಪೂಜಿ ಮಾಡೀನಿ. ಈಗ ಅದು ಸುಳ್ಳು ಅನ್ರಿ, ನಾನೂ ಬಿಡ್ತೀನಿ. ಮುಂದಿನ ತಿಂಗಳಿಂದ ಚಾಪಿ ಹಾಕ್ಕೊಂತೀನಿ."

ಇಷ್ಟು ಗಟ್ಟಿಯಾಗಿ ನಾನು ಅವರ ಎದುರು ಎಂದೂ ಮಾತಾಡಿರಲಿಲ್ಲ. ದನಿ ಮಾತ್ರ ಏರಿಸಿರಲಿಲ್ಲ. ಅತ್ತೆ ಮೊದಲು ಸಿಟ್ಟಿನಿಂದ ನೋಡಿದರು. ಆಮೇಲೆ ಅವರ ಗಲ್ಲದ ಹತ್ತಿರ ಏನೋ ಸಡಿಲವಾಯಿತು.

"ನನ್ನ ಮಾತು ತಂದು ನನಗ ಒಗೀತಿ. ಆ ಕಾನ್ವೆಂಟಿನಾಗ ಇದನ್ನ ಕಲಿಸಿದ್ರೇನು?"

"ಇದನ್ನ ನಿಮ್ಮನ್ಯಾಗ ಕಲತದ್ದು."

ಅವರು ಎದ್ದು ನಿಂತರು. ಮನೆಗೆ ಹೊರಟರೆಂದೇ ಭಾವಿಸಿದೆ. ಆದರೆ ಅವರು ನೇರ ಹೋಗಿ ನರ್ಸಿನ ಮೇಜಿನ ಮುಂದೆ ನಿಂತರು.

"ಏನವ್ವಾ, ಆ ಸೂಜಿ ಹಾಕ್ದಾಗ ಅಂಗೈಗೆ ರಕ್ತ ಇಳಿತೈತೇನು?"

ನರ್ಸ್ ಬರೆಯುವುದನ್ನು ಬಿಟ್ಟು ತಮ್ಮ ತೋಳು ಮುಂದೆ ಚಾಚಿದರು. "ಇಲ್ಲ ಅಜ್ಜಿ. ನೋಡಿ, ಸೂಜಿ ಇಲ್ಲಿ, ಇಲ್ಲಿ. ಇಷ್ಟು ನಮ್ದು." ಆಮೇಲೆ ತಮ್ಮ ಅಂಗೈ ಬಿಡಿಸಿ ತಟ್ಟಿ ತೋರಿಸಿದರು. "ಇದು ನಿಮ್ದು. ನಾವು ಮುಟ್ಟಲ್ಲ."

"ಬ್ಯಾರೆಯಾರ ರಕ್ತ ಕೂಡತೈತೇನು ಆ ಯಂತ್ರದಾಗ?"

"ಅಯ್ಯೋ ಇಲ್ಲ. ನಿಮ್ಮ ಫಿಲ್ಟರ್ ನಿಮಗೇ. ನಿಮ್ಮ ರಕ್ತ ಅದ್ರಲ್ಲಿ ಹೋಗಿ ನಿಮಗೇ ಬರುತ್ತೆ."

ಅತ್ತೆ ತಲೆಯಾಡಿಸಿದರು. ಆಮೇಲೆ ಸಂತೆಯಲ್ಲಿ ಜೋಳದ ದರ ಕಟ್ಟುವವರ ಹಾಗೆ ತಮ್ಮ ಕರಾರು ಹೇಳಿದರು. ಆಪರೇಷನ್ ಎಷ್ಟು ಹೊತ್ತಿಗೇ ಇರಲಿ, ಪೂಜೆ ಮುಗಿಸಿಯೇ ಬರುವುದು. ಕರಡಿಗೆ ಕೊರಳಿಂದ ತೆಗೆಯುವುದಿಲ್ಲ.

ನರ್ಸ್ ನನ್ನ ಕಡೆ ನೋಡಿ, "ಬಟ್ಟೆ ಸುತ್ತಿ ಬಲಗಡೆ ಸರಿಸಿ ಇಟ್ಕೊಳ್ಳಿ, ಡಾಕ್ಟ್ರಿಗೆ ನಾನು ಹೇಳ್ತೀನಿ," ಅಂದರು.

"ಅತ್ತಿ, ಇನ್ನೊಂದೈತಿ," ಅಂದೆ. ಮುಚ್ಚಿಡುವುದು ಸರಿಯಲ್ಲವೆನಿಸಿತು. "ಹೊಲಿಗಿ ಬಿಚ್ಚೂತನ ನೀರು ತಾಗಬಾರದಂತ. ಅಭಿಷೇಕ ಆಗೂದಿಲ್ಲ. ಬರೇ ವಿಭೂತಿ, ಪತ್ರಿ."

ಅದಕ್ಕೇ ಎಲ್ಲ ಮುರಿದುಬೀಳುತ್ತದೇನೋ ಎಂದುಕೊಂಡೆ. ಅತ್ತೆ ಕ್ಷಣ ಯೋಚಿಸಿದರು. "ನೀರಿಲ್ಲದ ಪೂಜಿ ಆದೀತು. ಲಿಂಗಿಲ್ಲದ ಪೂಜಿ ಆಗೂದಿಲ್ಲ. ಹೇಳು ಆ ಉದ್ದನ್ನ ಡಾಕ್ಟರಿಗೆ, ಬರ್ತೀನಂತ."

ಸರ್ಜನ್ ಲಿಫ್ಟಿನ ಬಾಗಿಲಲ್ಲಿ ಸಿಕ್ಕರು. ನಾನು ಓಡಿಹೋಗಿ ಹೂಂ ಅಂದೆ. ಅವರು ಬೆರಳೆತ್ತಿ ಆಯಿತೆಂದರು, ಬಾಗಿಲು ಮುಚ್ಚಿತು.

ಹೊರಡುವ ಮೊದಲು ನರ್ಸ್ ಡ್ರಾಯರಿನಿಂದ ಒಂದು ಮೆತ್ತನೆಯ ರಬ್ಬರ್ ಚೆಂಡು ತೆಗೆದು ತೋರಿಸಿದರು. ಇಂಥದ್ದನ್ನು ಇವತ್ತಿನಿಂದಲೇ ಎಡಗೈಯಲ್ಲಿ ಹಿಸುಕುತ್ತಾ ಇರಬೇಕು, ಆಗ ನರ ದಪ್ಪವಾಗುತ್ತದೆ, ಆಪರೇಷನ್ ಆಗಿ ನೋವು ಇಳಿದ ಮೇಲೂ ಮುಂದುವರಿಸಬೇಕು ಎಂದರು. ಮತ್ತೆ ನನ್ನ ಬಾಯಿಂದ ಹೇಳಿಸಿದರು. ಆ ಕೈಯಲ್ಲಿ ಬಿ.ಪಿ. ನೋಡಲು ಬಿಡಬಾರದು, ರಕ್ತ ತೆಗೆಯಲು ಬಿಡಬಾರದು, ಬಿಗಿ ಬಳೆ ಬೇಡ, ಆ ಕೈ ಮೇಲೆ ತಲೆ ಇಟ್ಟು ಮಲಗಬಾರದು. "ಇದೆಲ್ಲಾ ನಾ ಮೊದಲಿಂದ ಮಾಡ್ಕೋತ ಬಂದೀನಿ," ಎಂದು ಅತ್ತೆ ಪಕ್ಕದಿಂದ ಗೊಣಗಿದರು.

ಯಶವಂತಪುರದಲ್ಲಿ ಆಟೋ ನಿಲ್ಲಿಸಿ ನಾನೊಂದು ಚೆಂಡು ಕೊಂಡೆ. ಹಳದಿ ಬಣ್ಣದ್ದು. ಅತ್ತೆ ಅದನ್ನು ಮುಟ್ಟಲೇ ಇಲ್ಲ.

"ಲಿಂಗ ಹಿಡಿಯೂ ಅಂಗೈಯಾಗ ಹುಡುಗ್ರು ಆಡೂ ಚಂಡು ಹಿಡೀಲೇನು? ಅದೂ ರಬ್ಬರಿಂದು. ನಾಯಿ ಬಾಯಾಗ ಕೊಟ್ಟಂಗ."

"ಅತ್ತಿ, ನರ ಬಲೀಬೇಕಲ್ಲ."

"ಬಲೀತೈತಿ. ನೀ ಅದನ್ನ ಚೀಲದಾಗ ಇಡು."

ಇಟ್ಟೆ. ಬೆಳಗಿನಿಂದ ಗೆದ್ದದ್ದು ಸಾಕು, ಚೆಂಡಿನ ವಿಷಯ ನಾಳೆ ಎಂದುಕೊಂಡೆ. ಮನೆ ಸೇರುವಾಗ ಶಿಫ್ಟ್ ಬಿಟ್ಟು ಸೈಕಲ್ಲುಗಳ ಹೊಳೆ ಎದುರಾಯಿತು. ಎದುರು ಶೆಡ್ಡಿನಲ್ಲಿ ಪ್ರೆಸ್ ನಿಂತಿತ್ತು. ಕರೆಂಟು ಹೋಗಿತ್ತು. ಯಜಮಾನರು ಆಗಲೇ ಬಂದು, ಬಾಗಿಲ ಮೆಟ್ಟಿಲ ಮೇಲೆ ಟೈ ಸಡಿಲಿಸಿಕೊಂಡು ಕೂತಿದ್ದರು. ನಮ್ಮಿಬ್ಬರ ಮುಖ ನೋಡಿದರು.

"ಮುಂದಿನ ವಾರ," ಅಂದರು ಅತ್ತೆ, ಚಪ್ಪಲಿ ಬಿಡುತ್ತಾ. "ಎಡಗೈಗೆ. ರಜಾ ಹಾಕು."

ಯಜಮಾನರು ಎದ್ದು ಅವರಿಗೆ ದಾರಿ ಬಿಟ್ಟರು. ಆಮೇಲೆ ನನ್ನ ಹತ್ತಿರ ಬಂದು, "ಹೆಂಗ ಒಪ್ಪಿಸಿದಿ?" ಎಂದು ಪಿಸುಗುಟ್ಟಿದರು. "ನಾ ಒಪ್ಪಿಸಲಿಲ್ಲ. ಅವರ ಮಾತು ಅವರಿಗೆ ನೆನಪು ಮಾಡಿದೆ," ಅಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ನನಗೆ ನಾಚಿಕೆಯಾಯಿತು.

ಇನ್ನೂ ಬೆಳಕಿತ್ತು. ಅಡುಗೆಮನೆಯಲ್ಲಿ ಸೆಕೆ ಎಂದು ಹಿತ್ತಲ ಕಟ್ಟೆಯ ಮೇಲೆ ಸೀಮೆಎಣ್ಣೆ ಸ್ಟೌ ಇಟ್ಟು, ಬಿಸಿ ನೀರಿನಲ್ಲಿ ಜೋಳದ ಹಿಟ್ಟು ಕಲಸಿದೆ. ಉಪ್ಪಿಲ್ಲದ ಹಿಟ್ಟು. ಅತ್ತೆ ಕೈಕಾಲು ತೊಳೆದು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ಪರಾತದಲ್ಲಿ ಒಂದರ ಪಕ್ಕ ಒಂದು ಉಂಡೆ ಮಾಡಿಟ್ಟಿದ್ದೆ. ಅವರು ಅದರಲ್ಲಿ ಒಂದನ್ನು ಬಲಗೈಯಿಂದ ಎತ್ತಿದರು, ಸ್ವಲ್ಪ ಹೊತ್ತು ಅದನ್ನೇ ನೋಡಿದರು, ಎಡ ಅಂಗೈಗೆ ವರ್ಗಾಯಿಸಿದರು.

"ಇದು ಅನ್ನ," ಎಂದರು ಯಾರಿಗೂ ಅಲ್ಲದ ಹಾಗೆ. "ಇದನ್ನ ಹಿಡದ್ರ ತಪ್ಪಿಲ್ಲ."

ಬೆರಳುಗಳು ನಿಧಾನ ಮುಚ್ಚಿದವು. ಹಿಟ್ಟು ಬೆರಳ ಸಂದಿಯಲ್ಲಿ ಉಬ್ಬಿ ಬಂತು. ಬಿಟ್ಟರು, ಮತ್ತೆ ಉಂಡೆ ಕಟ್ಟಿದರು, ಮತ್ತೆ ಹಿಸುಕಿದರು. ಬಲಗೈ ಮಡಿಲಲ್ಲೇ ಇತ್ತು, ಮೊಣಕೈಗೆ ಆಸರೆಯಾಗಿ ಅಲ್ಲ, ಸುಮ್ಮನೆ. ಬೆಳಿಗ್ಗೆ ಸರ್ಜನ್ ಕಟ್ಟಿದ ಪಟ್ಟಿಯಿಲ್ಲದೆಯೇ ಆ ನರ ಮಣಿಕಟ್ಟಿನ ಮೇಲೆ ತುಸುವೇ ತಲೆಯೆತ್ತಿ ಇಳಿಯುತ್ತಿತ್ತು. ನಾನು ಹೆಂಚಿಗೆ ಮೊದಲ ರೊಟ್ಟಿ ಹಾಕಿ ಅದನ್ನೇ ನೋಡುತ್ತಾ ಕೂತೆ. ರೊಟ್ಟಿ ಒಂದು ಕಡೆ ಕರಕಲಾಯಿತು.

ಕಾಂಪೌಂಡ್ ಗೋಡೆಯ ಮೇಲೆ ಒಂದು ಖಾಲಿ ಪಾತ್ರೆ ಬಂದು ಕೂತಿತು. ಅದರ ಹಿಂದೆ ಪಕ್ಕದ ಮನೆಯವರ ತಲೆ.

"ನಾಳೆಗೆ ಕಣ್ರೀ, ಬಸ್ಸಾರಿನ ನೀರಿಗೆ. ಮರೀಬೇಡಿ." ಅಷ್ಟರಲ್ಲಿ ಅವರ ಕಣ್ಣು ಅತ್ತೆಯ ಮುಷ್ಟಿಯ ಮೇಲೆ ಬಿತ್ತು. ಒಂದೆರಡು ಸಲ ಹಿಸುಕುವುದನ್ನು ನೋಡಿ ನಕ್ಕರು.

"ಅಲ್ಲಾ ಅಜ್ಜಿ, ಆ ಹಿಟ್ಟೇನು ಎದ್ದು ಓಡೋಗುತ್ತಾ, ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೀರಲ್ಲ!"